ಹಂಡೆ ಒಲೆಯ ಕೆಳಗಿನ ಖಜಾನೆ

ನಿಧಿ ಹುಡುಕುವವರನ್ನು ಕಂಡರೆ ಜನ ನಗುತ್ತಾರೆ. ಕಾರಣವಿಷ್ಟೆ. ಇದುವರೆಗೆ ನಿಧಿ ಹುಡುಕಿದವರೆಲ್ಲ ಮಾಟ ಮಂತ್ರ ನಂಬಿ, ಕೋಳಿ ಕೊಯ್ದು, ಕತ್ತಲಲ್ಲಿ ಕಂಡಕಂಡಲ್ಲಿ ಅಗೆದವರು. ಅದರ ಬದಲು ಒಬ್ಬ ಸುಶಿಕ್ಷಿತ, ಸಚ್ಚರಿತ, ವ್ಯಾಕರಣ ಬಲ್ಲ ಮನುಷ್ಯ ಹಾಡಹಗಲಿನಲ್ಲಿ, ಶಾಸ್ತ್ರೀಯವಾಗಿ ಈ ಕೆಲಸಕ್ಕೆ ಕೈಹಾಕಿದರೆ ಫಲಿತಾಂಶವೇ ಬೇರೆ ಎಂದು ನಾನು ದೃಢವಾಗಿ ನಂಬಿದ್ದೆ.

ಫಲಿತಾಂಶ ನಿಜಕ್ಕೂ ಬೇರೆಯೇ ಆಯಿತು.

ಎಂಬತ್ತರ ದಶಕದ ಆರಂಭ. ತಾಳವಾಡಿ ಬೆಟ್ಟದ ಮೇಲಿನ ನಮ್ಮೂರ ಶಾಲೆಯಲ್ಲಿ ನಾನು ಕನ್ನಡ ಮೇಷ್ಟ್ರು. ಬೇಸಿಗೆ ರಜೆ ಬಂದಿತ್ತು. ಗೆಟ್ಟವಾಡಿಗೆ ಕೊಟ್ಟಿದ್ದ ಮಗಳು ರತ್ನ ಚೊಚ್ಚಲ ಬಸುರಿ. ಅವಳನ್ನು ಹೆರಿಗೆಗೆ ಕರೆತರಲು ನಮ್ಮ ಅವ್ವ ಹೋಗಿದ್ದಳು. ಅವರು ಬರುವುದರೊಳಗೆ ನಾನು ಮಾಡಬೇಕಾದ ಕೆಲಸವನ್ನು ನನ್ನ ಹೆಂಡತಿ ಪುಟ್ಟಮಣಿ ಸ್ಪಷ್ಟ ಕನ್ನಡದಲ್ಲಿ ತಿಳಿಸಿದ್ದಳು.

“ಇಲ್ನೋಡಿ, ಬಚ್ಚಲ್ ಸರಿ ಮಾಡ್ಬುಡಿ. ಹಂಡೆ ಒಲೆ ಬಿರುಕ್ ಬುಟ್ಟದ. ನಿಂತ್ಕೊಳ್ಳೊ ಚಪ್ಪಡಿ ಅಲ್ಲಾಡ್ತದ. ಬಾಣಂತಿಗ ದಿನಾ ಹಂಡೆಗಟ್ಲೆ ಬಿಸ್ನೀರ್ ಉಯ್ಬೇಕು. ಎಳೆಕೂಸ್ನ ಎತ್ಕಂಡು ಆ ಚಪ್ಪಡಿ ಮ್ಯಾಲ ಜಾರುದ್ರ ಏನ್ ಗತಿ?”

“ಅದೇನು ಮಹಾ! ಒಂದು ಹೊತ್ತಿನ ಕೆಲಸ” ಎಂದೆ.

ನಿಜಕ್ಕೂ ಒಂದು ಹೊತ್ತಿನ ಕೆಲಸವೇ. ಆದರೆ ಆ ಹೊತ್ತು ಬರುವ ಮೊದಲು ನನ್ನ ತಲೆಗೆ ಸಂಶೋಧನೆ ಹೊಕ್ಕಿತು.

ನನ್ನ ತರ್ಕ ಸರಳ. ಹಿಂದಿನ ಕಾಲದಲ್ಲಿ ಮೈಸೂರು ಸೀಮೆಯಿಂದ ಕೊಯಮತ್ತೂರು ಬಯಲಿಗೆ ಇಳಿಯುವ ಸೈನ್ಯ ನಮ್ಮ ಬೆಟ್ಟ ದಾಟಿಯೇ ಹೋಗಬೇಕು. ದಿಂಬಂನಿಂದ ಕೆಳಗಿಳಿಯುವ ಘಾಟಿಯ ತಿರುವುಗಳನ್ನು ಕಂಡ ಯಾವ ಖಜಾಂಚಿಗೂ ಎದೆ ಝಲ್ಲೆನ್ನಬೇಕು. ಎದೆ ಝಲ್ಲೆಂದವನು ಭಾರ ಇಳಿಸಿಕೊಳ್ಳುತ್ತಾನೆ. ಆದಕಾರಣ ಖಜಾನೆಯನ್ನು ದಿಂಬಂಗಿಂತ ಈಚೆಗೇ, ಅಂದರೆ ನಮ್ಮ ಕಡೆಗೇ ಹೂತಿರಬೇಕು! ಇದನ್ನು ನಾನು ದಿಂಬಂನ ಟೀ ಅಂಗಡಿಯಲ್ಲಿ ಕುಳಿತು, ಸತ್ಯಮಂಗಲದ ಬಸ್ಸು ಹತ್ತುವವರ ಮುಖಗಳನ್ನು ನೋಡಿ ಖಚಿತಪಡಿಸಿಕೊಂಡೆ. ಪಂಡಿತರು ಇದನ್ನು ಕ್ಷೇತ್ರಕಾರ್ಯ ಎನ್ನುತ್ತಾರೆ.

ಆಮೇಲೆ ಊರ ಹಿರಿಯರನ್ನು ಕಂಡು ವಿಚಾರಿಸಿದೆ. ನಿಧಿ ಇದೆ ಎಂದು ಎಲ್ಲರೂ ಒಪ್ಪಿದರು. ಆದರೆ ತನ್ನ ಹೊಲದಲ್ಲಿದೆ ಎಂದು ಒಬ್ಬನೂ ಹೇಳಲಿಲ್ಲ. ಎಲ್ಲರೂ ಪಕ್ಕದವನ ಹೊಲದ ಕಡೆಗೇ ಬೆರಳು ತೋರಿದರು. ಆ ಬೆರಳುಗಳ ಹಿಂದೆ ಹೋದರೆ ಊರನ್ನೊಂದು ಸುತ್ತು ಹಾಕಿ, ಮೊದಲು ಬೆರಳು ತೋರಿದವನ ಹೊಲಕ್ಕೇ ಬಂದು ನಿಲ್ಲುತ್ತಿದ್ದೆವು. ಬಾಯಿಮಾತಿನ ಆಧಾರಕ್ಕೆ ಇರುವ ಮಿತಿ ಇದು. ಯಂತ್ರದ ನೆರವು ಬೇಕಾಯಿತು.

ಯಂತ್ರ ಕೊಟ್ಟವನು ನನ್ನ ಭಾಮೈದ ನಂಜುಂಡ. ತಾಳವಾಡಿಯಲ್ಲಿ ರೇಡಿಯೊ ರಿಪೇರಿ ಮಾಡುತ್ತಿದ್ದ. ಅವನು ರಿಪೇರಿ ಮಾಡಿದ ರೇಡಿಯೊಗಳು ಮತ್ತೆ ಅವನ ಹತ್ತಿರವೇ ಬರುತ್ತಿದ್ದುದರಿಂದ ಅನುಭವ ದೊಡ್ಡದು. ಯಾವುದೋ ತಮಿಳು ಪತ್ರಿಕೆಯಲ್ಲಿ ಮೆಟಲ್ ಡಿಟೆಕ್ಟರ್ ಮಾಡುವ ವಿಧಾನ ಓದಿದ್ದನಂತೆ. ನನ್ನ ಟ್ರಾನ್ಸಿಸ್ಟರ್ ಬಿಚ್ಚಿದ. ಅಕ್ಕನ ರಾಗಿ ಜರಡಿಯ ತಳ ಕಿತ್ತು, ಅದರ ಬಳೆಗೆ ತಾಮ್ರದ ತಂತಿ ಸುತ್ತಿದ. ಎರಡನ್ನೂ ಒಂದು ಬಿದಿರುಗಳುವಿಗೆ ಕಟ್ಟಿದ.

“ಬಾವ, ಗಮನ್ವಿಟ್ ಕೇಳಿ. ಕೂಗುದ್ರ ಲೋಹ. ಹಾಡುದ್ರ ಸ್ಟೇಷನ್ನು.”

ಯಂತ್ರವಿಜ್ಞಾನವನ್ನು ಇಷ್ಟು ಸುಲಭವಾಗಿ ವಿವರಿಸಿದ ಇನ್ನೊಬ್ಬರನ್ನು ನಾನು ಕಂಡಿಲ್ಲ.

ಮೊದಲ ಪರೀಕ್ಷೆ ಮನೆ ಮುಂದಿನ ಜಗಲಿಯಲ್ಲಿ. ನಾನು ಯಂತ್ರ ಹಿಡಿದು ನಿಂತದ್ದೇ ತಡ, ಅದು ಕೀಚಲು ದನಿಯಲ್ಲಿ ಕೂಗಿತು. ಎಡಕ್ಕೆ ಸರಿದೆ, ಕೂಗಿತು. ಬಲಕ್ಕೆ ಹೋದೆ, ಕೂಗಿತು. ಊರ ಬಾಗಿಲವರೆಗೆ ನಡೆದೆ, ಬಿಡದೆ ಕೂಗಿತು! ಇಡೀ ಊರೇ ಖಜಾನೆಯ ಮೇಲೆ ಕುಳಿತಿದೆ ಎಂದು ನನ್ನ ಕಣ್ಣಲ್ಲಿ ನೀರು ಬಂತು. ಆಗ ನಂಜುಂಡ ನನ್ನ ಕಾಲು ನೋಡಿ, “ಬಾವ, ನಿಮ್ ಚಪ್ಪಲಿ ತುಂಬ ಮೊಳೆ ಅವ” ಎಂದ.

ಅಂದಿನಿಂದ ನನ್ನ ಸಂಶೋಧನೆ ಬರಿಗಾಲಿನಲ್ಲಿ ಸಾಗಿತು. ಹಾಗಾಗಿ ನಿಧಿಗಿಂತ ಮೊದಲು ಮುಳ್ಳುಗಳು ಪತ್ತೆಯಾದವು.

ಊರಾಚೆ, ಘಾಟಿ ರಸ್ತೆಯ ಕಡೆಗೆ ಹೋಗುವ ಹಳೆಯ ಗಾಡಿ ಜಾಡಿನಲ್ಲಿ ಯಂತ್ರ ನಿಜವಾಗಿ ಕೂಗಿತು. ಅಗೆದರೆ ತುಕ್ಕು ಹಿಡಿದ ಒಂದು ಲಾಳ. ಸ್ವಲ್ಪ ದೂರದಲ್ಲಿ ಇನ್ನೊಂದು. ಆಮೇಲೆ ಮತ್ತೊಂದು. ಕಬ್ಬಿಣದ ಲಾಳಗಳು ಸಾಲಾಗಿ ಸಿಗುತ್ತ ಹೋದವು. ಸೈನ್ಯದ ಕುದುರೆಗಳು! ನಾನು ಮಡಿಲು ತುಂಬ ಲಾಳ ತುಂಬಿಕೊಂಡು ಮನೆಗೆ ಬಂದು ಹೆಂಡತಿಯ ಮುಂದೆ ಸುರಿದೆ.

ಅವಳು ಒಂದನ್ನು ಎತ್ತಿ ನೋಡಿದಳು. “ಕುದುರೆದಲ್ಲ ಕಣ. ಅರ್ಧರ್ಧ ಅದ, ಇದು ಎತ್ತಿನ್ ಲಾಳ. ನಿಮ್ ತಾತ ಗಾಡಿ ಹೊಡಿತಿದ್ರಲ್ಲ, ಹುಣ್ಸೆಹಣ್ ಹೇರ್ಕಂಡು ಘಾಟಿ ಇಳೀತಿದ್ರಂತಲ್ಲ. ಅವ್ರ ಎತ್ತಿಂದೇ ಇರ್ಬೇಕು. ಬಚ್ಚಲ್ ಯಾವಾಗ ಮಾಡೀರಿ?”

ಬೇರೆ ಯಾರಾದರೂ ಇಲ್ಲಿಗೆ ಕೈಬಿಡುತ್ತಿದ್ದರು. ಸಂಶೋಧಕ ಹಾಗಲ್ಲ. ಅವನ ತರ್ಕವನ್ನು ಮುರಿಯಲು ಬಂದ ಸಂಗತಿಯೇ ಅವನ ತರ್ಕಕ್ಕೆ ಊರುಗೋಲಾಗುತ್ತದೆ. ನಾನು ಯೋಚಿಸಿದೆ: ಖಜಾನೆಯನ್ನು ಯಾರಾದರೂ ಕುದುರೆಯ ಮೇಲೆ ಹೇರುತ್ತಾರೆಯೇ? ಎತ್ತಿನ ಗಾಡಿಯಲ್ಲಿ ತಾನೆ ಸಾಗಿಸುವುದು? ತಾತ ಹುಣಸೆಹಣ್ಣು ಸಾಗಿಸಿದ ಎಂಬುದು ಊರಿಗೆಲ್ಲ ಗೊತ್ತಿದ್ದ ವಿಷಯ. ಹುಣಸೆಹಣ್ಣಿನ ಅಡಿಯಲ್ಲಿ ಏನಿತ್ತು ಎಂಬುದು ಸಂಶೋಧನೆಯ ವಿಷಯ!

ಮರುದಿನ ಜಾಡು ಹಿಡಿದು ಮತ್ತೆ ಹೊರಟೆವು. ಕಾಡಂಚಿನಲ್ಲಿ, ಜೀರಹಳ್ಳಿ ಕಡೆಯಿಂದ ಬರುತ್ತಿದ್ದ ಒಬ್ಬ ಫಾರೆಸ್ಟ್ ಗಾರ್ಡು ನಮ್ಮನ್ನು ತಡೆದ. ಯಂತ್ರ ಆ ಗಳಿಗೆಯಲ್ಲಿ ಕೂಗುವುದನ್ನು ಬಿಟ್ಟು ಒಂದು ತಮಿಳು ಪ್ರೇಮಗೀತೆ ಹಾಡುತ್ತಿತ್ತು.

“ಎನ್ನ ವಾದ್ಯಾರೇ, ಏನ್ ಮೇಷ್ಟ್ರೇ, ಕಾಡ್ನಲ್ಲಿ ಜರಡಿ ಹಿಡ್ಕಂಡು ಹಾಡು ಕೇಳ್ತಿದ್ದೀರಾ?”

“ಇದು ಸಂಶೋಧನೆ” ಎಂದೆ.

“ಏನಾರ ಇರ್ಲಿ. ಆನೆಗ ಹಾಡು ಹಿಡ್ಸುದ್ರ ಕಷ್ಟ. ಮನೆ ಕಡೆಗೇ ಹುಡುಕ್ಕಳಿ, ಹೋಗಿ.”

ಅವನು ಬೈದ ಮಾತನ್ನೇ ನಾನು ಮಾರ್ಗದರ್ಶನ ಎಂದು ಸ್ವೀಕರಿಸಿದೆ. ಜಾಡನ್ನು ಹಿಮ್ಮುಖವಾಗಿ ಹಿಡಿದೆವು. ಲಾಳದಿಂದ ಲಾಳಕ್ಕೆ, ಕೂಗಿನಿಂದ ಕೂಗಿಗೆ, ಯಂತ್ರ ನಮ್ಮನ್ನು ಊರೊಳಕ್ಕೆ ತಂದಿತು. ನಮ್ಮ ಬೀದಿಗೆ ತಂದಿತು. ನಮ್ಮ ಮನೆ ಸುತ್ತಿಸಿ ಹಿತ್ತಿಲಿಗೇ ತಂದು, ಬಚ್ಚಲ ಬಾಗಿಲಲ್ಲಿ ನಿಲ್ಲಿಸಿತು!

ಒಳಗೆ ಕಾಲಿಟ್ಟಾಗ ಯಂತ್ರ ಚೀರಿದ್ದನ್ನು ನಾನು ವರ್ಣಿಸಲಾರೆ. ನಂಜುಂಡನ ಮುಖ ಬೆಳ್ಳಗಾಯಿತು. ನಾನು ಮಾತ್ರ ಸಮಚಿತ್ತ ಕಳೆದುಕೊಳ್ಳಲಿಲ್ಲ. “ಎದುರಿಗೆ ತಾಮ್ರದ ಹಂಡೆ ಇದೆ. ಅದಕ್ಕೇ ಕೂಗುತ್ತಿರಬಹುದು. ಹಂಡೆ ತೆಗೆದು ನೋಡೋಣ” ಎಂದೆ. ಇದಕ್ಕೆ ವೈಜ್ಞಾನಿಕ ಮನೋಭಾವ ಎನ್ನುತ್ತಾರೆ. ಹಂಡೆಯನ್ನು ಉರುಳಿಸಿಕೊಂಡು ಹೊರಗೆ ಹಾಕಿದೆವು.

ಯಂತ್ರ ಆಗಲೂ ಕೂಗಿತು. ಒಲೆಯ ಬುಡದಲ್ಲಿ, ಚಪ್ಪಡಿಯ ಮೇಲೆ, ಗಂಟಲು ಹರಿಯುವಂತೆ ಕೂಗಿತು. ನಂಜುಂಡ ನನ್ನ ಕಾಲಿಗೆ ಬಿದ್ದ.

“ಬಾವ, ನನ್ಗೂ ಪಾಲು ಕೊಡ್ಬೇಕು.”

“ಮೊದಲು ಗುದ್ದಲಿ ಕೊಡು.”

ಒಲೆ ಒಡೆದೆವು. ಚಪ್ಪಡಿ ಎಬ್ಬಿಸಿದೆವು. ಸದ್ದು ಕೇಳಿ ಪುಟ್ಟಮಣಿ ಒಳಗಿಂದ ಬಂದು ಇಣುಕಿದಳು. ಮದುವೆಯಾದ ಮೇಲೆ ಮೊದಲ ಸಲ ಅವಳ ಕಣ್ಣಲ್ಲಿ ನನ್ನ ಬಗ್ಗೆ ಗೌರವ ಕಂಡೆ.

“ಅಬ್ಬ! ಒಲೆ ಪೂರ್ತಿ ಹೊಸ್ದೇ ಕಟ್ಟೀರ? ಮಗ್ಳು ಅಂದ್ರ ಎಷ್ಟು ಅಕ್ಕರೆ ನಿಮ್ಗ! ಇರಿ, ಕಾಪಿ ತತ್ತೀನಿ.”

ಕಾಫಿ ತುಂಬ ಚೆನ್ನಾಗಿತ್ತು. ನಾನು ಕುಡಿದೆ. ಸತ್ಯವನ್ನು ಕಾಫಿ ಆದಮೇಲೆ ಹೇಳೋಣ ಎಂದುಕೊಂಡೆ. ಕಾಫಿ ಆದಮೇಲೆ, ನಿಧಿ ಸಿಕ್ಕ ಮೇಲೆ ಹೇಳೋಣ ಎಂದುಕೊಂಡೆ.

ಗುಂಡಿ ಮೊಣಕಾಲುದ್ದ ಆಗುವ ಹೊತ್ತಿಗೆ ಪಕ್ಕದ ಮನೆಯ ಚಿಕ್ಕತಾಯಮ್ಮ ಬೇಲಿಯ ಮೇಲಿಂದ ತಲೆ ಹಾಕಿದಳು.

“ಏನ್ ಮೇಷ್ಟ್ರೇ, ಬಾವಿ ತೋಡ್ತಿದ್ದೀರಾ?”

“ಚರಂಡಿ” ಎಂದೆ.

“ಚರಂಡಿಗ ಇಷ್ಟ್ ಆಳವ? ಗಂಗೆ ಬಂದ್ಬುಟ್ಟಾಳು ನೋಡ್ಕಳಿ!”

ಅವಳು ಹೋದಳು. ಊರಿನ ಒಂದು ಸುತ್ತು ಮುಗಿಸಿ ಬರುವಷ್ಟರಲ್ಲಿ ಚರಂಡಿ ಬಾವಿಯಾಗಿ, ಬಾವಿ ಸುರಂಗವಾಗಿ, ಸುರಂಗದ ತುದಿಯಲ್ಲಿ ಏಳು ಕೊಪ್ಪರಿಗೆ ಹೊನ್ನು ಬಂದು ಕೂತಿತ್ತು. ಅವಳ ಹಿಂದೆ ಜನ. ಜನರ ಮುಂದೆ, ತೆಂಗಿನಕಾಯಿ ಹಿಡಿದು, ನಮ್ಮೂರ ಗುಡಿಯ ಪೂಜಾರಪ್ಪ.

ಆಗ ನನ್ನ ಗುದ್ದಲಿ ಠಣ್ಣೆಂದಿತು!

ಊರು ಉಸಿರು ಹಿಡಿಯಿತು. ಮಣ್ಣು ಸರಿಸಿದರೆ ಕಬ್ಬಿಣದ್ದೊಂದು ವಸ್ತು, ಕತ್ತಿಯ ತುದಿಯಂತೆ ಚೂಪಾಗಿತ್ತು. ಅದರ ಕೆಳಗೆ, ಬಾಯಿಗೆ ಹೆಂಚು ಮುಚ್ಚಿದ ಒಂದು ಮಡಕೆ.

“ಕತ್ತಿ ಕಾವಲು!” ಎಂದು ಪೂಜಾರಪ್ಪ ಕೂಗಿದ. “ಮುಟ್ಬ್ಯಾಡಿ ಮೇಷ್ಟ್ರೇ! ಸರ್ಪ ಇರ್ತದ!”

ಪುಟ್ಟಮಣಿ ಜನರ ನಡುವೆ ದಾರಿ ಮಾಡಿಕೊಂಡು ಬಂದು ಗುಂಡಿ ನೋಡಿದಳು. ಮಡಕೆ ನೋಡಿದಳು. ಒಡೆದ ಒಲೆ ನೋಡಿದಳು. ಕಾಫಿ ಕೊಟ್ಟ ಕೈಯನ್ನೊಮ್ಮೆ ನೋಡಿಕೊಂಡಳು. ಅವಳ ಕಣ್ಣಿನ ಗೌರವ ಆರಿಹೋದದ್ದು ನನಗೆ ಗುಂಡಿಯ ಒಳಗಿಂದಲೇ ಕಾಣಿಸಿತು.

“ಇದ್ಕಾ ಒಲೆ ಒಡ್ದದ್ದು?”

“ಒಂದು ನಿಮಿಷ ತಾಳು. ಆಮೇಲೆ ಬೆಳ್ಳಿಯ ಒಲೆ ಕಟ್ಟಿಸುತ್ತೇನೆ.”

“ನನ್ಗ ಮಣ್ಣಿಂದೇ ಸಾಕು. ನಾಳಿಕ್ಕ ಬೇಕು!” ಎಂದು ಅವಳು ತಲೆಯ ಮೇಲೆ ಕೈಹೊತ್ತು ಹಂಡೆಯ ಪಕ್ಕದಲ್ಲಿ ಕುಳಿತಳು.

ಪೂಜಾರಪ್ಪ ಕಾಯಿ ಒಡೆದ. ಕರ್ಪೂರ ಹಚ್ಚಿದ. ಗುಂಡಿಯಿಂದ ಎತ್ತಿದ ಮಡಕೆಗೆ ಅರಿಶಿನ ಕುಂಕುಮ ಬಳಿದು, ಚಿಕ್ಕತಾಯಮ್ಮ ಕೊಟ್ಟ ಕನಕಾಂಬರ ಮುಡಿಸಿ, ಮಂಗಳಾರತಿ ಎತ್ತಿದ. ಎಲ್ಲರೂ ಕೈಮುಗಿದರು. ನಾನು ಸಾಷ್ಟಾಂಗ ಬಿದ್ದೆ. ಹೆಂಚು ತೆಗೆದೆ.

ಒಳಗೆ ಕಪ್ಪು ಮಣ್ಣು! ಅದರ ಮೇಲೆ ಒಂದೇ ಒಂದು ತಾಮ್ರದ ಕಾಸು. ಉಜ್ಜಿ ನೋಡಿದೆ. ಚೋಳನಲ್ಲ, ಹೊಯ್ಸಳನಲ್ಲ. ಗಡ್ಡ ಬಿಟ್ಟ ಯಾವನೋ ಇಂಗ್ಲಿಷ್ ರಾಜ.

ಜನ ನಿಟ್ಟುಸಿರು ಬಿಟ್ಟರು. ಪೂಜಾರಪ್ಪ ಬಿಡಲಿಲ್ಲ. “ಯೋಗ ಇಲ್ದವ್ನ ಕೈಗ ಬಂದ್ರ ಚಿನ್ನ ಇದ್ಲಾಗ್ಬುಡ್ತದ. ಇದು ಚಿನ್ನವೇ. ಮೇಷ್ಟ್ರ ಗ್ರಾಚಾರಕ್ಕ ಕಪ್ಪಾಗದ. ಆದ್ರೂ ಲಕ್ಷ್ಮಿ ಲಕ್ಷ್ಮಿನೇ! ಅಣೆಗ ಇಟ್ಕಳಿ!” ಎಂದು ಆ ಕಪ್ಪು ಮಣ್ಣನ್ನು ಎಲ್ಲರಿಗೂ ಪ್ರಸಾದವಾಗಿ ಹಂಚಿದ. ಜನ ಮುಗಿಬಿದ್ದು ಹಣೆಗೆ ಇಟ್ಟುಕೊಂಡರು. ನಂಜುಂಡ ಹಣೆಗೂ ಕುತ್ತಿಗೆಗೂ ಹಚ್ಚಿಕೊಂಡ. ಪೂಜಾರಪ್ಪ ಒಂದು ಹಿಡಿಯನ್ನು ಪೆಟ್ಟಿಗೆಯಲ್ಲಿಡಲು ಟವಲಿನ ತುದಿಗೆ ಗಂಟು ಹಾಕಿಕೊಂಡ. ಮನೆ ಯಜಮಾನನಾದ ನಾನು ಹಣೆಯ ಈ ತುದಿಯಿಂದ ಆ ತುದಿಯವರೆಗೆ ಅಗಲವಾಗಿ ಬಳಿದುಕೊಂಡೆ.

ಅದೇ ಹೊತ್ತಿಗೆ ಹಿತ್ತಿಲ ಬಾಗಿಲಲ್ಲಿ ಅವ್ವನ ದನಿ ಕೇಳಿತು.

“ಯಾರ್ಲಾ ಸತ್ತದ್ದು?”

ಬಸುರಿ ಹೆಂಗಸನ್ನು ಅಮಾವಾಸ್ಯೆಯ ಮೇಲೆ ಪ್ರಯಾಣ ಮಾಡಿಸಬಾರದೆಂದು ಅವ್ವ ಮೊದಲೇ ರತ್ನಳನ್ನು ಹೊರಡಿಸಿಕೊಂಡು ಬಸ್ಸಿನಲ್ಲಿ ಬಂದಿದ್ದಳು. ಮುಂದೆ ಅವ್ವ. ಹಿಂದೆ ತುಂಬಿದ ಬಸುರಿ, ಬೆವರಿಳಿದ ಮುಖ, ಸೊಂಟದ ಮೇಲೆ ಕೈ.

“ಯಾರೂ ಸತ್ತಿಲ್ಲ ಅವ್ವ. ನಿಧಿ ಸಿಕ್ಕಿದೆ!”

“ಎಲ್ಲಿ?”

“ಬಚ್ಚಲಲ್ಲಿ. ಹಂಡೆ ಒಲೆ ಬುಡದಲ್ಲಿ.”

ಅವ್ವ ಬಗ್ಗಿ ಗುಂಡಿ ನೋಡಿದಳು. ಕಬ್ಬಿಣದ ತುಂಡನ್ನು ಎತ್ತಿಕೊಂಡಳು. ಹೂ ಮುಡಿದ ಮಡಕೆ ನೋಡಿದಳು. ಒಬ್ಬೊಬ್ಬರ ಹಣೆಯನ್ನೂ ನೋಡುತ್ತ ಬಂದು, ನನ್ನ ಹಣೆಯ ಹತ್ತಿರ ನಿಂತಳು.

“ಇದು ನಿಮ್ಮಪ್ಪುನ್ ನೇಗ್ಲು ಗುಳ ಕಣ್ಲಾ. ನಾಯಿ ಕೆರೀಬಾರ್ದು ಅಂತ ನಾನೇ ಮ್ಯಾಲ ಇಡ್ಸಿದ್ದು.”

“ಯಾವುದರ ಮೇಲೆ?”

“ನಿನ್ ಮಾಸಿನ್ ಮ್ಯಾಲ! ನೀನು ಉಟ್ಟುದಾಗ ನಿನ್ ಹಿಂದ್ಲೇ ಬಿತ್ತಲ್ಲ, ಆ ಮಾಸು. ಮಡ್ಕಗಾಕಿ, ಕಾಸಿಟ್ಟು, ಬಚ್ಚಲಲ್ಲಿ ಊಳ್ಸಿ, ಅದ್ರ ಮ್ಯಾಲೇ ನಿನ್ಗ ನೀರ್ ಉಯ್ದಿವಿ. ಅದ್ನ ಅಗ್ದು ತಗ್ದು ಅಣೆಗ ಇಟ್ಕಂಡಿದ್ದಯ್ಯಲ್ಲ, ಮುಂಡೇದೆ!”

ಆಗ ಯಂತ್ರವೊಂದೇ ಮಾತಾಡುತ್ತಿತ್ತು. ಅದು ತಮಿಳಿನಲ್ಲಿ ಕೃಷಿ ವಾರ್ತೆ ಹೇಳುತ್ತಿತ್ತು.

ಪೂಜಾರಪ್ಪ ಮೊದಲು ಹಣೆ ಒರೆಸಿಕೊಂಡ. ಆಮೇಲೆ ಟವಲಿನ ಗಂಟು ನೆನಪಾಗಿ ಟವಲನ್ನೇ ಬೇಲಿಯಾಚೆ ಎಸೆದ. ಚಿಕ್ಕತಾಯಮ್ಮ ಸೆರಗನ್ನು ಹಣೆಗೆ ತಿಕ್ಕಿದ ರಭಸಕ್ಕೆ ಅವಳ ಕುಂಕುಮವೂ ಹೋಯಿತು. “ಥೂ! ಮೇಷ್ಟ್ರ ಮಾಸ್ಗ ಮಂಗಳಾರತಿ ಎತ್ತುದ್ವಲ್ಲಪ್ಪ!” ಎಂದು ಯಾರೋ ನಾವೆಲ್ಲ ಮನಸ್ಸಿನಲ್ಲೇ ಇಟ್ಟುಕೊಂಡಿದ್ದ ಮಾತನ್ನು ಆಡಿಬಿಟ್ಟರು.

ರತ್ನ ನಕ್ಕಳು. ಮೊದಲು ಬಾಯಿಗೆ ಸೆರಗು ಅಡ್ಡ ಇಟ್ಟುಕೊಂಡು ನಕ್ಕಳು. ನನ್ನ ಹಣೆ ನೋಡಿ ಮತ್ತೆ ನಕ್ಕಳು. ಗೋಡೆಗೆ ಒರಗಿ ನಕ್ಕಳು. ಹೊಟ್ಟೆ ಹಿಡಿದು, “ಅಯ್ಯೊ ಅಪ್ಪಾ, ಅಯ್ಯೊ ಅಪ್ಪಾ” ಎಂದು ನಗುತ್ತಿದ್ದವಳು ತಟಕ್ಕನೆ ನಿಂತಳು.

“ಅವ್ವಾ…” ಎಂದಳು. ಈ ಸಲ ನಗುತ್ತಿರಲಿಲ್ಲ.

ಅವ್ವ ಒಂದೇ ನೋಟದಲ್ಲಿ ತಿಳಿದುಕೊಂಡಳು. “ನೋವು ಬಂದ್ಬುಡ್ತು! ನೀರ್ ಕಾಸಿ! ಸೂಲ್ಗಿತ್ತಿ ಕರೀರಿ!”

ನೀರು ಕಾಯಿಸುವುದು ಎಲ್ಲಿ? ಒಲೆ ಇಲ್ಲ. ಹಂಡೆ ಹಿತ್ತಿಲಲ್ಲಿ ಮಗ್ಗುಲಾಗಿ ಬಿದ್ದಿದೆ. ಬಚ್ಚಲಲ್ಲಿ ಬಾವಿ. ಪುಟ್ಟಮಣಿ ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಮಗಳ ತೋಳು ಹಿಡಿದು, ಚಿಕ್ಕತಾಯಮ್ಮನ ಮುಂದೆ ನಿಂತು, “ಅಕ್ಕ, ನಿಮ್ ಬಚ್ಚಲು ಕೊಡಿ” ಎಂದಳು. ತನ್ನ ಮನೆಗೆ ಬಾಣಂತನಕ್ಕೆ ಬಂದ ಮಗಳನ್ನು ಪಕ್ಕದ ಮನೆಗೆ ಕರೆದೊಯ್ಯುವ ತಾಯಿಯ ದನಿ ಅದು. ನನ್ನ ಸಂಶೋಧನೆಯ ಒಟ್ಟು ಫಲ ಏನೆಂದು ನನಗೆ ಆಗ ಅರ್ಥವಾಯಿತು.

“ಅದ್ಕೇನವ್ವ, ಬಾ! ಬಾ ಕೂಸೆ!” ಎಂದು ಚಿಕ್ಕತಾಯಮ್ಮ ಬೇಲಿಯ ಕಡ್ಡಿ ಕಿತ್ತು ಅಲ್ಲೇ ದಾರಿ ಮಾಡಿದಳು.

ಆಮೇಲೆ ಊರಿನವರ ದೊಡ್ಡತನ ನೋಡಬೇಕಿತ್ತು. ನಿಧಿಗೆಂದು ಬಂದವರು ನೀರು ಹೊತ್ತರು. ಪೂಜಾರಪ್ಪ ಪಂಚೆ ಎತ್ತಿ ಕಟ್ಟಿ ಸೌದೆ ಒಡೆದ. ನಂಜುಂಡ ಸೂಲಗಿತ್ತಿಯನ್ನು ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಬಂದ. ನಾನೂ ಏನಾದರೂ ಮಾಡಲೇ ಎಂದು ಕೇಳಿದೆ. “ಏನೂ ಮಾಡ್ಬ್ಯಾಡಿ!” ಎಂದು ನಾಲ್ಕು ದಿಕ್ಕಿನಿಂದಲೂ ಉತ್ತರ ಬಂತು. ನಾನು ಗುಂಡಿಯ ಅಂಚಿನಲ್ಲಿ, ನನ್ನ ಮಡಕೆಯ ಪಕ್ಕದಲ್ಲಿ ಕುಳಿತೆ. ಒಟ್ಟಿಗೇ ಈ ಲೋಕಕ್ಕೆ ಬಂದು ಬೇರೆಯಾದವರು ಇಷ್ಟು ವರ್ಷಗಳ ಮೇಲೆ ಭೇಟಿಯಾಗಿದ್ದೆವು. ಮಾತಾಡಲು ಇಬ್ಬರಿಗೂ ಏನೂ ತೋಚಲಿಲ್ಲ. ಅದಕ್ಕಾದರೂ ಹೂವಿನ ಅಲಂಕಾರವಿತ್ತು.

ಬೇಲಿಯಾಚೆ ರತ್ನಳ ಕೂಗು ಏರಿದಾಗಲೆಲ್ಲ ನನ್ನ ಜೀವ ಬಾಯಿಗೆ ಬರುತ್ತಿತ್ತು. ಇರುವ ಎಲ್ಲ ದೇವರಿಗೂ ಹರಕೆ ಹೊತ್ತೆ. ಒಲೆ ಕಟ್ಟುತ್ತೇನೆ, ಚಪ್ಪಡಿ ಕೂರಿಸುತ್ತೇನೆ, ಇನ್ನೆಂದೂ ಯೋಚನೆ ಮಾಡುವುದಿಲ್ಲ ಎಂದು ಬೇಡಿಕೊಂಡೆ. ಬಿಸಿಲು ಇಳಿಯುವ ಹೊತ್ತಿಗೆ ಎಳೆಯ ಅಳು ಕೇಳಿಸಿತು.

ಗಂಡು ಕೂಸು. ಇಬ್ಬರೂ ಕ್ಷೇಮ.

ಅವ್ವ ಹೊಸದೊಂದು ಮಡಕೆ ಹಿಡಿದು ಬೇಲಿ ದಾಟಿ ಬಂದಳು. ಅದರಲ್ಲಿ ಏನಿದೆ ಎಂದು ನಾನು ಕೇಳಲಿಲ್ಲ. ಅಂಥ ಮಡಕೆಗಳ ವಿಷಯದಲ್ಲಿ ನಾನು ಅಷ್ಟು ಹೊತ್ತಿಗೆ ತಜ್ಞನಾಗಿದ್ದೆ.

“ಗುಂಡಿ ಎಂಗೂ ತೋಡಿದ್ದಯ್” ಎಂದಳು. “ನಿಂದೂ ಊಳು, ಮೊಮ್ಮಗುಂದೂ ಊಳು.”

ನಾನು ನನ್ನ ಮಡಕೆಯನ್ನು ಇಳಿಸಲು ಬಗ್ಗಿದೆ.

“ತಡಿ! ಇಷ್ಟ್ ಆಳ ಸಾಲ್ದು. ಅವತ್ತೂ ಸೂಲ್ಗಿತ್ತಿ ಬಡ್ಕಂಡಳು, ಮ್ಯಾಲಮ್ಯಾಲಕ್ಕ ಊಳುದ್ರ ಕೂಸ್ಗ ಬುದ್ಧಿ ನೆಲ ನಿಲ್ಲಲ್ಲ ಅಂತ. ನಿಮ್ಮಪ್ಪ ಕೈನೋವು ಅಂತ ಅರ್ಧಕ್ಕೇ ಬುಟ್ಬುಟ್ಟ. ಏನಾಯ್ತು ಅಂತ ಊರೇ ನೋಡ್ತಲ್ಲ. ಅಗಿ!”

ನಾನು ಅಗೆದೆ. ಸೊಂಟದುದ್ದವಾಯಿತು. ಸಾಲದು ಎಂದಳು. ಎದೆಯುದ್ದವಾಯಿತು. ಪುಟ್ಟಮಣಿ ಬೇಲಿಯಾಚೆಯಿಂದ ಕೂಸನ್ನು ಎತ್ತಿಕೊಂಡು ಬಂದು ಗುಂಡಿಯ ಮೇಲೆ ನಿಂತಳು. ಇಳಿಸಂಜೆಯ ಬೆಳಕಿನಲ್ಲಿ ಮೊಮ್ಮಗ ಕಣ್ಣು ಮುಚ್ಚಿಕೊಂಡೇ ಒಮ್ಮೆ ಮುಖ ಹಿಂಡಿದ. ಥೇಟ್ ನನ್ನ ಮುಖ. ಹೆಂಗಸರಿಬ್ಬರೂ ಅದನ್ನು ಕಂಡರು. ಒಬ್ಬರ ಮುಖ ಒಬ್ಬರು ನೋಡಿಕೊಂಡರು.

“ಅತ್ತೆ,” ಎಂದಳು ಪುಟ್ಟಮಣಿ ಗಾಬರಿಯಿಂದ, “ಇನ್ನೊಂಚೂರು ಆಳಕ್ಕ ತಗ್ಸಿ.”